ಒಂದು ಗಂಟೆಗೆ ಮುಚ್ಚಿದ ಡಬ್ಬಿ

ಅವರು ತಮ್ಮ ಎರಡೂ ಕೈಗಳ ಮೇಲೆ ಕುಳಿತುಕೊಳ್ಳುತ್ತಿದ್ದರು. ತಾವು ಮಾಡಿದ ವೆಬ್ ಪುಟವನ್ನು ಯಾರಾದರೂ ಮೊದಲ ಸಲ ಬಳಸಲು ಕುಳಿತರೆ, ಇವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ ಕುಳಿತುಬಿಡುತ್ತಿದ್ದರು. "ಕೈ ಬಿಟ್ರ ತೋರಸಾಕ ಹೋಗ್ತಾವ್ರಿ," ಎನ್ನುತ್ತಿದ್ದರು. "ನಾ ತೋರಿಸಿದ್ರ, ಮಂದೀಗೆ ಎಲ್ಲಿ ತ್ರಾಸ ಆಗ್ತೈತಿ ಅನ್ನೂದು ನನಗ ಹೆಂಗ ತಿಳೀಬೇಕು?"

ನನಗೆ ಇದರ ಅನುಭವವಿದೆ. ನಾನು ಸ್ಟೇಷನ್ ಮಾಸ್ತರನಾಗಿದ್ದು ನಿವೃತ್ತನಾದವನು, ಹಾವೇರಿಯಲ್ಲಿ ನೆಲೆಸಿದ್ದೇನೆ. ನಮ್ಮ ಪಿಂಚಣಿದಾರರ ಸಂಘಕ್ಕೆ ಅವರು ಒಂದು ಪುಟ ಮಾಡಿಕೊಟ್ಟಾಗ, ಪರೀಕ್ಷೆಗೆಂದು ಸಂಘದವರು ನನ್ನನ್ನು ರಾಣೆಬೆನ್ನೂರಿಗೆ ಕಳಿಸಿದರು. ಹೆಸರು ಬರೆದೆ, ವಿಳಾಸ ಬರೆದೆ. ಮುಂದೆ ಹೋಗುವ ಗುಂಡಿ ಎಲ್ಲಿದೆಯೋ ಕಾಣಲಿಲ್ಲ. ಪರದೆಯನ್ನು ಮೇಲೆ ಕೆಳಗೆ ಸರಿಸಿದೆ. ಅವರು ಸುಮ್ಮನೆ ನೋಡುತ್ತಿದ್ದರು. ನನಗೆ ಸಿಟ್ಟು ಬಂತು.

"ಗೊತ್ತಿದ್ರ ಹೇಳ್ರಲ್ಲ, ಮೇಡಂ!"

"ಹೇಳಂಗಿಲ್ರಿ, ಮಾಸ್ತರ. ನಾಳೆ ನೀವು ಮನ್ಯಾಗ ಕುಂತು ತುಂಬೂವಾಗ ನಾ ನಿಮ್ಮ ಬಾಜೂಕ ಇರತೇನೇನು?"

ಕೊನೆಗೂ ಗುಂಡಿ ಸಿಕ್ಕಿತು. ಆಮೇಲೆ ಅವರು ಕೈ ಹೊರತೆಗೆದು, ಸಣ್ಣ ನೋಟುಬುಕ್ಕಿನಲ್ಲಿ ಏನೋ ಗೀಚಿಕೊಂಡರು. "ನಿಮ್ಮ ಕೈ ಇಲ್ಲಿ ಮೂರು ಸಲ ನಿಂತಿತ್ರಿ. ತಪ್ಪು ನಿಮ್ಮದಲ್ಲ, ನಂದು," ಎಂದರು. ಮುಂದಿನ ವಾರ ನೋಡಿದರೆ ಗುಂಡಿ ನನ್ನ ಕೈ ನಿಂತ ಜಾಗಕ್ಕೇ ಬಂದಿತ್ತು.

ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ನಾನು ಮಾತ್ರ ಕೊನೆಯವರೆಗೂ ಮೇಡಂ ಎಂದೆ. ಬ್ಯಾಡಗಿಯವರು. ಐವತ್ತರ ಆಸುಪಾಸು, ತೆಳ್ಳಗಿನ ಮೈ, ತಲೆಯ ಮೇಲೆ ಸದಾ ಸೆರಗು. ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಭಾಗಕ್ಕೆ ಕಟ್ಟಿಕೊಳ್ಳುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆಯ ಜೊತೆ ಇದ್ದರು. ಅದೇ ಅಂಗಳಕ್ಕೆ ಮೈದುನನ ಸಂಸಾರದ ಬಾಗಿಲೂ ತೆರೆಯುತ್ತಿತ್ತು. ಮೊದಲು ಟೈಪಿಂಗ್ ಕಲಿಸುತ್ತಿದ್ದರಂತೆ. ಟೈಪ್‌ರೈಟರಿಗೆ ಕಾಲವಿಲ್ಲ ಎಂದಾದಾಗ ಯಂತ್ರಗಳನ್ನು ಮಾರಿ ಕಂಪ್ಯೂಟರು ತಂದರು. ಕಂಪ್ಯೂಟರು ಕಲಿಸುತ್ತ ಕಲಿಸುತ್ತ ತಾವೇ ವೆಬ್ ಪ್ರೋಗ್ರಾಮಿಂಗ್ ಕಲಿತರು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಕ್ಲಾಸು. ಬೀಜದವರಿಗೆ, ಮೆಣಸಿನಕಾಯಿ ವ್ಯಾಪಾರಿಗಳಿಗೆ, ಕಲ್ಯಾಣಮಂಟಪದವರಿಗೆ ಪುಟ ಮಾಡಿಕೊಡುತ್ತಿದ್ದರು.

ಬ್ಯಾಡಗಿಯಿಂದ ದಿನವೂ ಬೆಳಗಿನ ಪ್ಯಾಸೆಂಜರಿಗೆ ಬರುತ್ತಿದ್ದರು. ನಾನು ಹಾವೇರಿಯಲ್ಲಿ ಹತ್ತಿ ರಾಣೆಬೆನ್ನೂರಿಗೆ ಹೋಗುವ ದಿನಗಳಲ್ಲಿ ರೈಲಿನ ಒಂದೇ ಡಬ್ಬಿಯಲ್ಲಿ ಸಿಗುತ್ತಿದ್ದರು. ಸುಗ್ಗಿಯ ಕಾಲಕ್ಕೆ ಬ್ಯಾಡಗಿಯಲ್ಲಿ ಬಾಗಿಲು ತೆರೆದ ಕೂಡಲೇ ಮೆಣಸಿನಕಾಯಿಯ ಘಾಟಿಗೆ ಇಡೀ ಡಬ್ಬಿ ಕೆಮ್ಮುತ್ತಿತ್ತು. ಅವರೊಬ್ಬರು ಕೆಮ್ಮದೆ ಒಳಗೆ ಬರುತ್ತಿದ್ದರು. ಕುಳಿತ ಮೇಲೆ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಕೆಂಪು ಚಟ್ನಿ ಹಚ್ಚಿ ಎಲ್ಲರ ಮುಂದೆ ಹಿಡಿಯುವುದು ಅವರ ರೂಢಿ. ತೆಗೆದುಕೊಂಡವರನ್ನು ನೋಡುತ್ತಲೇ ಇರಲಿಲ್ಲ. ಯಾರ ಕೈ ಬರಲಿಲ್ಲವೋ ಅವರ ಕಡೆ ತಿರುಗಿ, "ನಿಮಗ ಖಾರ ಆಗಂಗಿಲ್ಲೇನ್ರಿ? ಬರೇ ರೊಟ್ಟಿ ತಗೋರಿ," ಎನ್ನುತ್ತಿದ್ದರು.

ಇನ್ನು ಸಮ್ಮೇಳನದ ವಿಷಯ. ಅದನ್ನು ಬರೆಯಲೆಂದೇ ಕುಳಿತಿದ್ದೇನೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಲ್ಲಿ ವೆಬ್ ಕೆಲಸ ಮಾಡುವವರೆಲ್ಲ ಸೇರಿ ವರ್ಷಕ್ಕೊಮ್ಮೆ, ಒಂದು ಭಾನುವಾರ, ರಾಣೆಬೆನ್ನೂರಿನ ಕಲ್ಯಾಣಮಂಟಪವೊಂದರಲ್ಲಿ ಸಮ್ಮೇಳನ ನಡೆಸುತ್ತಾರೆ. ನಡೆಸುವವನು ನಮ್ಮ ಓಣಿಯ ಮಂಜು. ಮೊದಲ ವರ್ಷ ಭಾಷಣಕಾರರು ಮೈಕು ಬಿಡದೆ, ಐದಕ್ಕೆ ಮುಗಿಯಬೇಕಾದದ್ದು ಎಂಟಕ್ಕೆ ಮುಗಿಯಿತಂತೆ. ಎರಡನೆಯ ವರ್ಷ ಅವನು ನಮ್ಮ ಮನೆಗೆ ಬಂದ.

"ಕಾಕಾ, ನಿಮಗ ಪ್ರೋಗ್ರಾಮಿಂಗ್ ಬ್ಯಾಡ್ರಿ. ನೀವು ಬರೇ ಟೈಮ್ ಹಿಡೀರಿ. ಗಾಡಿ ಬಿಟ್ಟಂಗ ಬಿಡ್ರಿ ಅವರನ್ನ."

ಒಪ್ಪಿಕೊಂಡೆ. ಒಪ್ಪಿಕೊಂಡ ಕೆಲಸವನ್ನು ನಾನು ಅರ್ಧ ಮಾಡುವವನಲ್ಲ. ಒಂದು ಹಾಳೆಯಲ್ಲಿ ನಿಯಮ ಬರೆದೆ. ಪ್ರತಿ ಭಾಷಣಕ್ಕೆ ಅರ್ಧ ಗಂಟೆ. ಮುಗಿಯಲು ಐದು ನಿಮಿಷವಿದೆ ಎನ್ನುವಾಗ ಒಂದು ಸಲ ಗಂಟೆ ಬಾರಿಸುವುದು, ಮುಗಿದಾಗ ಎರಡು ಸಲ. ಆಮೇಲೆ ಹತ್ತು ನಿಮಿಷದಲ್ಲಿ ಸಭಿಕರು ತಮ್ಮ ಅಭಿಪ್ರಾಯದ ಚೀಟಿಯನ್ನು ಬಾಗಿಲ ಬಳಿ ಆ ಭಾಷಣಕ್ಕೆಂದೇ ಇಟ್ಟ ಡಬ್ಬಿಗೆ ಹಾಕಬೇಕು. ಹಿಡಿಸಿದ್ದರೆ ಹಸಿರು, ಪರವಾಗಿಲ್ಲ ಎಂದರೆ ಹಳದಿ, ಹಿಡಿಸದಿದ್ದರೆ ಕೆಂಪು. ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು. ಹತ್ತು ನಿಮಿಷ ಮುಗಿದ ಕೂಡಲೇ ಡಬ್ಬಿಗೆ ಬೀಗ. ಹಸಿರಿಗಿಂತ ಕೆಂಪು ಹೆಚ್ಚು ಬಂದವರಿಗೆ ಮರುವರ್ಷ ಕರೆ ಇಲ್ಲ. ಫಲಿತಾಂಶವನ್ನು ಪ್ರತಿ ಭಾಷಣಕಾರರಿಗೂ ನನ್ನ ಕೈಬರಹದಲ್ಲೇ ಪತ್ರ ಬರೆದು ಕಳಿಸುವುದು. ಭಾಷಣಕಾರರೆಲ್ಲ ಓದಿ ಸಹಿ ಹಾಕಿದರು. ಅವರಲ್ಲೊಬ್ಬರಾಗಿದ್ದ ಮೇಡಂ ಕೂಡ ಹಾಕಿದರು, ಉರ್ದುವಿನಲ್ಲಿ.

ಅವರ ಭಾಷಣ ಹನ್ನೆರಡು ಇಪ್ಪತ್ತಕ್ಕೆ, ಊಟಕ್ಕೆ ಮುಂಚಿನದು. ವೇದಿಕೆಯ ಮೇಲೆ ನಿಂತು ಮಾತಾಡಿದ್ದು ಅವರ ಜೀವನದಲ್ಲಿ ಅದೇ ಮೊದಲು. ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ನಮ್ಮತ್ತಿ ಹೆಸರು ಮಾಬುಬಿ," ಎಂದು ಶುರು ಮಾಡಿದರು. "ಅಷ್ಟರಿ. ಹಿಂದಿಲ್ಲ, ಮುಂದಿಲ್ಲ."

ಸಭೆ ನಕ್ಕಿತು. ಅತ್ತೆ ಹಿತ್ತಲಿಗೆ ಬೆಂಡೆ ಬೀಜ ಬೇಕೆಂದರಂತೆ. ಬೀಜದ ಕಂಪನಿಯೊಂದರ ಪುಟದಲ್ಲಿ ತರಿಸಲು ಹೋದರೆ ಹೆಸರಿಗೆ ಒಂದು ಕಾಲಂ, ಅಡ್ಡಹೆಸರಿಗೆ ಇನ್ನೊಂದು. ಎರಡನೆಯದನ್ನು ಖಾಲಿ ಬಿಟ್ಟರೆ ಕೆಂಪು ಅಕ್ಷರ ಬಂದು ದಾರಿ ಕಟ್ಟುತ್ತದೆ. ಬೇರೆ ದಾರಿ ಕಾಣದೆ ಮೊದಲನೆಯದರಲ್ಲಿ ಮಾಬು, ಎರಡನೆಯದರಲ್ಲಿ ಬಿ ಎಂದು ತುಂಬಿದರು. ಪಾರ್ಸೆಲ್ ಬಂತು, 'ಶ್ರೀ ಮಾಬು' ಅವರಿಗೆ. ತಂದವನು ಕೊಡಲೊಲ್ಲ. ಮಾಬು ಅವರನ್ನು ಕರೆಯಿರಿ ಅಜ್ಜಿ, ಎಂದು ಹಟ ಹಿಡಿದ.

"ನಮ್ಮತ್ತಿ ಅಂದ್ರು, 'ಮಾಬುನೂ ನಾನ, ಬಿನೂ ನಾನ. ನಂಬಿಕಿ ಇಲ್ಲಂದ್ರ ಅರ್ಧಾ ಪಾಕೀಟರ ಕೊಟ್ಟ ಹೋಗಪಾ.'"

ಮುಂದಿನ ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಲ್ಲುವವರೆಗೂ ಅವರು ಕಾದರು. ಆಮೇಲೆ ಹೇಳಿದ್ದನ್ನು ನಾನು ಬಾಗಿಲ ಬಳಿ ಗಡಿಯಾರ ನೋಡುತ್ತ ನಿಂತು ಕೇಳಿದೆ. ಹನ್ನೆರಡು ನಲವತ್ತಾಗಿತ್ತು.

"ನಮ್ಮತ್ತಿಗೆ ನಾ ಇದ್ದೆ. ಯಾರೂ ಇಲ್ಲದವ್ರು ಏನ ಮಾಡಿರಬೇಕು? ಫೋನ್ ಕೆಳಗಿಟ್ಟು ಎದ್ದು ಹೋಗಿರ್ತಾರ. ಫಾರ್ಮ್ ತುಂಬಿದವರ ಲೆಕ್ಕ ಎಲ್ಲಾರ ಕಡೆ ಇರ್ತೈತ್ರಿ. ಬಾಗಲಾ ತನಕ ಬಂದು ತಿರಗಿ ಹ್ವಾದವ್ರು ಯಾರು, ಅವರನ್ನ ಹುಡಕ್ರಿ. ನಿಮ್ಮ ಪುಟ ಹೆಂಗೈತಿ ಅನ್ನೂದು ಅವರಿಗೆ ಗೊತ್ತಿರ್ತೈತಿ."

ಹನ್ನೆರಡು ನಲವತ್ತೈದಕ್ಕೆ ಒಂದು ಗಂಟೆ ಬಾರಿಸಿದೆ. ಅಷ್ಟರಲ್ಲಿ ಒಗ್ಗರಣೆಯ ವಾಸನೆ ಒಳಗೆ ಬಂದಿತ್ತು. ಹಿಂದಿನ ಸಾಲುಗಳವರು ಎದ್ದರು. ಹೊಸ ತಂತ್ರಜ್ಞಾನ ಕೇಳಲು ಬಂದಿದ್ದವರು ಕೆಲವರು, ಇಂಗ್ಲಿಷಿನಲ್ಲಿ ಇರುತ್ತದೆಂದು ಬಂದಿದ್ದವರು ಕೆಲವರು, ಬರೀ ಹಸಿದವರು ಕೆಲವರು. ಹೋಗುತ್ತ ಹೋಗುತ್ತ ಡಬ್ಬಿಗೆ ಚೀಟಿ ಹಾಕಿದರು. ಹನ್ನೆರಡು ಐವತ್ತಕ್ಕೆ ಎರಡು ಸಲ ಬಾರಿಸಿದೆ. ಅವರು ಅರ್ಧ ವಾಕ್ಯದಲ್ಲೇ ನಿಲ್ಲಿಸಿ, "ಬಸ್, ಗಂಟಿ ಆತು. ಮಾಸ್ತರ ಸಿಗ್ನಲ್ ಕೊಟ್ರು," ಎಂದು ಇಳಿದರು. ಅರ್ಧ ವಾಕ್ಯದಲ್ಲಿ ನಿಲ್ಲಿಸಿದ ಭಾಷಣಕಾರರು ಆ ದಿನ ಅವರೊಬ್ಬರೇ.

ಇಳಿದರು, ಆದರೆ ಮುಂದಿನ ಸಾಲುಗಳವರು ಅವರನ್ನು ಬಿಡಲಿಲ್ಲ. ಸುತ್ತ ನಿಂತು ಪ್ರಶ್ನೆ ಕೇಳತೊಡಗಿದರು. ಒಬ್ಬ ತನ್ನ ಲ್ಯಾಪ್‌ಟಾಪನ್ನೇ ತೆರೆದು ಅವರ ಮುಂದೆ ಹಿಡಿದ. ಊಟದ ಕಡೆ ಯಾರ ಗಮನವೂ ಇರಲಿಲ್ಲ, ಡಬ್ಬಿಯ ಕಡೆಯಂತೂ ಇರಲೇ ಇಲ್ಲ. ನಾನು ದೂರದಿಂದ ನೋಡಿದೆ. ಒಂದು ಗಂಟೆಗೆ ಸರಿಯಾಗಿ ಡಬ್ಬಿಗೆ ಬೀಗ ಹಾಕಿದೆ.

ಮೊದಲು ಬಂದವನು ಗುತ್ತಲದ ಗೊಬ್ಬರದ ಅಂಗಡಿಯವನು. ಕೈಯಲ್ಲಿ ಹಸಿರು ಚೀಟಿ.

"ಮಾಸ್ತರ, ಇದೊಂದ ಹಾಕ್ತೇನ್ರಿ."

"ಡಬ್ಬಿ ಮುಚ್ಚೇತಿ."

"ನಾಕ ಮಿನಿಟ ಆತ್ರಿ, ಅಷ್ಟ! ಆಪಾನ್ನ ಕೇಳಕೋತ ನಿಂತಿದ್ದೆ."

"ನಾಕ ಮಿನಿಟಿನ್ಯಾಗ ಗಾಡಿ ಊರ ದಾಟಿರ್ತೈತಿ."

ಅವನ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, "ನಮ್ಮ ಗಾಡಿ ದಿನಾ ಅರ್ಧಾ ತಾಸು ತಡಾ ಬರ್ತೈತಲ್ರಿ ಮಾಸ್ತರ, ಅದಕ್ಕೂ ಬೀಗ ಹಾಕ್ತೀರೇನು?" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆದರೆ ಬಂದ ಕಾಗದವನ್ನು ತಿರಸ್ಕರಿಸುವುದು ನನ್ನ ಪದ್ಧತಿಯಲ್ಲ. ಇಲಾಖೆಯಲ್ಲಿ ಕಲಿತ ಪಾಠ ಅದು. ಒಂದೊಂದನ್ನೂ ಇಸಿದುಕೊಂಡು, ಮೂಲೆಯಲ್ಲಿ ಬಂದ ಸಮಯ ಬರೆದು, ಒಂದು ಕವರಿನಲ್ಲಿ ಹಾಕಿದೆ. ಕವರಿನ ಮೇಲೆ 'ತಡವಾಗಿ ಬಂದವು' ಎಂದು ಬರೆದೆ. ನಾನು ಸಮಯ ಬರೆದುಕೊಂಡದ್ದನ್ನು ನೋಡಿ, ತಮ್ಮ ಚೀಟಿ ಲೆಕ್ಕಕ್ಕೆ ಬಂತು ಎಂದುಕೊಂಡು ಅವರೆಲ್ಲ ಊಟಕ್ಕೆ ಹೋದರು. ಒಟ್ಟು ಮೂವತ್ತನಾಲ್ಕು ಚೀಟಿ. ಅವುಗಳ ಬಣ್ಣ ನೋಡಲಿಲ್ಲ ಎಂದು ಬರೆಯಬಹುದು. ನೋಡಿದ್ದೆ: ಹೆಚ್ಚುಕಡಿಮೆ ಎಲ್ಲವೂ ಹಸಿರು.

ಸಮ್ಮೇಳನ ಸಂಜೆ ಐದಕ್ಕೆ, ನಿಮಿಷ ತಪ್ಪದೆ, ಮುಗಿಯಿತು. ಮಂಜು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ. "ಜಿಲ್ಲಾದಾಗ ಟೈಮಿಗೆ ಸರಿಯಾಗಿ ಮುಗದ ಕಾರ್ಯಕ್ರಮ ಇದೊಂದ," ಎಂದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವರೂ ತಟ್ಟಿದರು. ಶಾಲಿನ ಕೆಳಗೆ, ಕೋಟಿನ ಒಳಜೇಬಿನಲ್ಲಿ, ಆ ಕವರು ಇತ್ತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಡಬ್ಬಿಗಳನ್ನು ತೆರೆದು ಎಣಿಸಿದೆ. ಅವರ ಭಾಷಣಕ್ಕೆ ಇಪ್ಪತ್ತೊಂದು ಕೆಂಪು, ಆರು ಹಳದಿ, ಎರಡು ಹಸಿರು. ಮಂಜು ಪಕ್ಕದಲ್ಲೇ ಇದ್ದ.

"ಏನ್ರಿ ಕಾಕಾ ಇದು? ಮಂದಿ ಆಪಾನ್ನ ಮುತ್ತಿದ್ರಲ್ರಿ. ಊಟಕ್ಕೂ ಬಿಡಲಿಲ್ಲ. ಇಷ್ಟು ಕೆಂಪ ಎಲ್ಲಿಂದ ಬಂತು?"

"ಡಬ್ಯಾಗ ಇದ್ದದ್ದು ಇದು," ಎಂದೆ.

ಒಂದಕ್ಷರವೂ ಸುಳ್ಳಲ್ಲ. ಕವರು ಆಗ ನನ್ನ ಕಪಾಟಿನಲ್ಲಿ, ಕೈಗೆ ಸಿಗುವಷ್ಟು ದೂರದಲ್ಲಿತ್ತು. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಇಟ್ಟರೆ, ನನ್ನ ಹತ್ತು ನಿಮಿಷದ ನಿಯಮ ತಪ್ಪು ಎಂದು ಒಪ್ಪಿದಂತಾಗುತ್ತಿತ್ತು. ಶಾಲು ಇನ್ನೂ ಕುರ್ಚಿಯ ಬೆನ್ನಿಗಿತ್ತು. ಮಂಜು ತಲೆ ಕೆರೆದುಕೊಂಡು ಹೋದ. ನಾನು ಅವರಿಗೆ ಪತ್ರ ಬರೆದೆ: ಕೆಂಪು ಇಷ್ಟು, ಹಳದಿ ಇಷ್ಟು, ಹಸಿರು ಇಷ್ಟು, ಸಭಿಕರು ಬರೆದ ಕಾರಣಗಳು ಕೆಳಗಿನಂತಿವೆ, ನಿಯಮದ ಪ್ರಕಾರ ಮುಂದಿನ ವರ್ಷ ತಮಗೆ ಕರೆ ಇರುವುದಿಲ್ಲ. ಅಚ್ಚುಕಟ್ಟಾದ ಪತ್ರ. ಅದೇ ದಿನದ ಟಪಾಲಿಗೆ ಹಾಕಿದೆ.

ಮರುವರ್ಷ ನಾನು ನಿಯಮ ತಿದ್ದಿದೆ. ಡಬ್ಬಿ ಮುಚ್ಚಲು ಹತ್ತು ನಿಮಿಷದ ಬದಲು ನಲವತ್ತು ನಿಮಿಷ. ಕಾರಣ ಕೇಳಿದವರಿಗೆ ಊಟದ ಸಾಲು ಉದ್ದ ಎಂದು ಹೇಳಿದೆ. ಆ ತಿದ್ದುಪಡಿಯಿಂದ ಬೇರೆಯವರಿಗೆ ಅನುಕೂಲವಾಯಿತು. ಮೇಡಂಗೆ ಕರೆ ಹೋಗಿರಲಿಲ್ಲ.

ಅದಾದ ಕೆಲವು ತಿಂಗಳಿಗೆ ಸಂಘದ ಕೆಲಸಕ್ಕೆಂದು ಅವರ ಕ್ಲಾಸಿಗೆ ಹೋದೆ. ಗೋಡೆಯ ಮೇಲೆ ನನ್ನ ಪತ್ರ ಇತ್ತು. ಗಾಜು ಹಾಕಿಸಿ ಮೊಳೆ ಹೊಡೆದಿದ್ದರು. ಅದರ ಎದುರು ನಿಂತೆ. ಅವರೇ ಶುರು ಮಾಡಿದರು.

"ಬರ್ರಿ ಮಾಸ್ತರ, ಕುಂದರ್ರಿ. ನಿಮ್ಮ ಪತ್ರ ನೋಡಾಕತ್ತೀರೇನು? ನಾನೂ ದಿನಾ ನೋಡ್ತೇನ್ರಿ. ಅವತ್ತ ಮಂದಿ ಬಂದು 'ಭಾಳ ಛಲೋ ಆತ್ರಿ ಆಪಾ' ಅಂದ್ರು. ನಾ ಹುಚ್ಚಿ, ಖರೇ ಅನ್ಕೊಂಡೆ. ಮುಖದ ಮುಂದ ಯಾರು ಕೆಟ್ಟದ್ದಂತಾರ್ರಿ? ಚೀಟ್ಯಾಗ ಖರೇ ಬರದ್ರು. ನೀವೊಬ್ರ ಅದನ್ನ ಮುಚ್ಚಿಡದ ನನಗ ಕಳಿಸಿದ್ರಿ."

ನೋಟುಬುಕ್ಕು ತೆಗೆದು ತೋರಿಸಿದರು. ಇಪ್ಪತ್ತೊಂದು ದೂರನ್ನೂ ಕ್ರಮವಾಗಿ ಬರೆದುಕೊಂಡಿದ್ದರು. ಎದುರಿಗೆ ತಾವು ಏನು ಮಾಡಬೇಕೆಂಬುದು. 'ಹೊಸದೇನೂ ಇಲ್ಲ' ಎಂಬುದರ ಎದುರು, ಕಲಿಯಬೇಕಾದ ಆರೇಳು ವಿಷಯಗಳು. 'ಇಂಗ್ಲಿಷಿನಲ್ಲಿ ಹೇಳಬೇಕಿತ್ತು' ಎಂಬುದರ ಎದುರು, ದಿನಕ್ಕೆ ಒಂದು ತಾಸು ಅಭ್ಯಾಸ. 'ಊಟಕ್ಕೆ ತಡವಾಯಿತು' ಎಂಬುದಕ್ಕೂ ಉತ್ತರ ಹುಡುಕಿದ್ದರು: ಇನ್ನೂ ಚಿಕ್ಕದಾಗಿ ಹೇಳಬೇಕು. 'ಮನೆಯ ಕತೆ ಹೇಳಿದರು' ಎಂಬುದರ ಎದುರು, 'ಅತ್ತಿ ಹೆಸರು ಎತ್ತಬಾರದಾಗಿತ್ತು' ಎಂದಿತ್ತು.

"ಇದಕ್ಕ ಅತ್ತಿ ಮುಂದ ಹೋಗಿ ಮಾಫಿ ಕೇಳಿದೆ," ಎಂದರು. "ನಾಕ ಮಂದ್ಯಾಗ ನಿಮ್ಮ ಹೆಸರ ಹೇಳಿ ನಗಿಸಿದೆ, ತಪ್ಪಾತು ಅಂತ."

ಚಹಾ ತರಿಸಿದರು. ಕುಡಿದೆ. ಹೇಳಬೇಕಾದದ್ದು ಒಂದೇ ವಾಕ್ಯ: ಮೇಡಂ, ಇನ್ನೂ ಮೂವತ್ತನಾಲ್ಕು ಚೀಟಿ ಇವೆ. ಚಹಾ ಮುಗಿಯಿತು. ನಾಲ್ಕು ಗಂಟೆ ಐದು ನಿಮಿಷದ ಗಾಡಿಗೆ ಹೊರಡಬೇಕು ಎಂದು ಹೇಳಿ ಎದ್ದೆ.

ಆಮೇಲೆ ಅವರು ಎಲ್ಲಿಯೂ ಭಾಷಣ ಮಾಡಲಿಲ್ಲ. ಹಾವೇರಿಯ ಕಾಲೇಜೊಂದರವರು ಕರೆದರು. ಹೋಗಲಿಲ್ಲ. ಆ ಸಂಗತಿಯನ್ನು ನನಗೆ ಗಾಡಿಯಲ್ಲಿ ತಾವಾಗಿಯೇ ಹೇಳಿದರು, ರೊಟ್ಟಿ ಮುರಿಯುತ್ತ.

"ನನಗ ಮಾತಾಡಾಕ ಬರಂಗಿಲ್ರಿ ಅಂದೆ. ಅವರು ಬಿಡವಲ್ರು. ಹೆಂಗ ಹೇಳ್ತೀರಿ ಅಂತಾರ. ಲೆಕ್ಕ ಐತ್ರಿ ನನ್ನ ಕಡೆ, ಗೋಡಿ ಮ್ಯಾಲ ಹಾಕೇನಿ, ಬಂದು ನೋಡ್ರಿ ಅಂದೆ."

"ಹೋಗಬೇಕಿತ್ತು, ಮೇಡಂ," ಎಂದೆ.

"ನೀವ ಹಿಂಗಂದ್ರ ಹೆಂಗ್ರಿ?" ಎಂದು ನಕ್ಕರು. "ಇಪ್ಪತ್ತೊಂದು ಮಂದಿ ಬ್ಯಾಡ ಅಂದಾರ. ನಾ ಅವರ ಮಾತು ಕೇಳಬೇಕೋ, ನಿಮ್ಮ ಮಾತು ಕೇಳಬೇಕೋ?"

ಆ ದಿನದ ನಂತರ ಕವರನ್ನು ಚೀಲದಲ್ಲಿಟ್ಟುಕೊಂಡು ಓಡಾಡತೊಡಗಿದೆ. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಅರ್ಧ ಗಂಟೆಯ ಹಾದಿ. ಒಪ್ಪಿಕೊಳ್ಳಲು ಅರ್ಧ ಗಂಟೆ ಬೇಕಾಗುವುದಿಲ್ಲ. ದೇವರಗುಡ್ಡ ಬರುವುದರೊಳಗೆ ಹೇಳಿಬಿಡುತ್ತೇನೆ ಎಂದು ಪ್ರತಿ ಸಲವೂ ಲೆಕ್ಕ ಹಾಕುತ್ತಿದ್ದೆ. ದೇವರಗುಡ್ಡ ಬರುತ್ತಿತ್ತು, ಹೋಗುತ್ತಿತ್ತು. ಒಮ್ಮೆ ಗಾಡಿಯಲ್ಲಿ ಜನ ಹೆಚ್ಚು, ಒಮ್ಮೆ ಅವರಿಗೆ ತಲೆನೋವು, ಒಮ್ಮೆ ನನ್ನ ಪಕ್ಕದಲ್ಲಿ ಪರಿಚಿತರು. ನಾಲ್ಕು ನಿಮಿಷ ತಡವಾಗಿ ಬಂದವರಿಗೆ ನಾನು ಒಂದು ನೆಪಕ್ಕೂ ಅವಕಾಶ ಕೊಟ್ಟಿರಲಿಲ್ಲ.

ಹೀಗೆ ಐದು ವರ್ಷ. ಈ ಮಳೆಗಾಲ ಮುಗಿಯುವ ಹೊತ್ತಿಗೆ ಮಂಜು ಫೋನು ಮಾಡಿದ. "ಕಾಕಾ, ಆಪಾ ಹೋಗಿಬಿಟ್ರಂತ್ರಿ. ಎದಿನೋವು ಅಂದ್ರಂತ, ದವಾಖಾನಿ ಮುಟ್ಟೂದ್ರಾಗ ಹೋದ್ರಂತ." ಅವತ್ತು ನಾನು ಕ್ಲಾಸಿನ ಗೋಡೆಯ ಪತ್ರವನ್ನೇ ನೆನೆದೆ. ಇನ್ನು ಅದನ್ನು ಇಳಿಸಬೇಕಾದವರು ಯಾರು?

ಮಂಜುವಿಗೆ ಎಲ್ಲವನ್ನೂ ಹೇಳಿದೆ. ಅವನು, "ನಾ ಅವತ್ತ ನಿಮ್ಮನ್ನ ಕೇಳಿದ್ದೆ, ಕಾಕಾ," ಎಂದ, ಅಷ್ಟೇ. ಅವನು ನನ್ನ ಮೇಲೆ ಕೂಗಾಡಿದ್ದರೆ ಒಳ್ಳೆಯದಿತ್ತು.

ಮೇಡಂ ತೀರಿಕೊಂಡು ನಲವತ್ತನೆಯ ದಿನ ಕಳೆದ ಮೇಲೆ ಬ್ಯಾಡಗಿಯ ಅವರ ಮನೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಅಂಗಳದಲ್ಲಿ ಕೆಂಪು ರಾಶಿಯ ಸುತ್ತ ಏಳೆಂಟು ಹೆಂಗಸರು ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನನಗೆ ಕೆಮ್ಮು ಹತ್ತಿತು. ಅವರ ನಡುವೆ, ಗೋಡೆಗೆ ಒರಗಿ ಕುಳಿತಿದ್ದ ಮುದುಕಿಯೊಬ್ಬರು ನೀರಿನ ತಂಬಿಗೆ ನನ್ನ ಕಡೆ ಸರಿಸಿದರು. ಮಾಬುಬಿ. ಎಂಬತ್ತು ದಾಟಿದವರು, ಅವರ ಕೈಯೂ ತೊಟ್ಟು ಮುರಿಯುತ್ತಲೇ ಇತ್ತು.

ನಾನು ಯಾರೆಂದು ಹೇಳಿದೆ.

"ಗಂಟಿ ಬಾರಸೂ ಮಾಸ್ತರ ಹೌದಲ್ರಿ? ಆಕಿ ಹೇಳತಿದ್ಲು. ಖರೇ ಮಾತಿನ ಮನಷ್ಯಾ ಅಂತ."

ನಿಂತಲ್ಲೇ, ಕುಳಿತುಕೊಳ್ಳದೆ, ಎಲ್ಲವನ್ನೂ ಹೇಳಿದೆ. ಡಬ್ಬಿ, ಬೀಗ, ಕವರು, ಪತ್ರ. ಹೆಂಗಸರ ಕೈ ನಿಂತವು. ಮಾಬುಬಿಯವರ ಕೈ ನಿಲ್ಲಲಿಲ್ಲ. ಕವರು ಅವರ ಮುಂದೆ ಇಟ್ಟೆ.

"ನನಗ್ಯಾಕ ಕೊಡ್ತೀರಿ? ನನಗ ಓದಾಕ ಬರಂಗಿಲ್ಲ," ಎಂದರು. "ಆಕಿ ಛಲೋ ಮಾತಾಡ್ತಾಳ ಅನ್ನೂದು ನನಗ ಮದಲ ಗೊತ್ತೈತಿ. ಗೊತ್ತಾಗಬೇಕಾಗಿದ್ದು ಆಕಿಗೆ."

ಕೈ ಜೋಡಿಸಿ ನಿಂತೆ.

"ಕುಂದರ್ರಿ," ಎಂದರು. "ತಂದೀರಿ. ಓದ್ರಿ, ಎಲ್ಲಾ. ಜೋರಾಗಿ ಓದ್ರಿ."

ಚೀಟಿಯ ಬಣ್ಣವನ್ನಷ್ಟೇ ನೋಡಿದ್ದವನು, ಮೇಲೆ ಬರೆದದ್ದನ್ನು ಆವತ್ತೇ ಮೊದಲ ಸಲ ಓದಿದೆ. ಕೊನೆಗೆ ಬಂದದ್ದು ಮೇಲಿತ್ತು, ಮೊದಲು ಬಂದದ್ದು ಅಡಿಯಲ್ಲಿ. ಅಭ್ಯಾಸಬಲದಿಂದ ಸಮಯವನ್ನೂ ಓದುತ್ತ ಹೋದೆ. ಒಂದು ಗಂಟೆ ಹದಿನೆಂಟು: ಇಷ್ಟು ದಿನ ನಾನು ಪುಟ ಮಾಡುತ್ತಿದ್ದೆ, ಅದನ್ನು ಬಳಸುವವರನ್ನು ನೋಡಿರಲಿಲ್ಲ. ಒಂದು ಗಂಟೆ ಹದಿನೈದು: ಕನ್ನಡದಲ್ಲಿ ಕೇಳಿದ್ದಕ್ಕೆ ನನಗೆ ಪೂರ್ತಿ ತಿಳಿಯಿತು. ಒಂದು ಗಂಟೆ ಹದಿಮೂರು: ಅರ್ಧ ಗಂಟೆ ಸಾಲದು, ಮುಂದಿನ ವರ್ಷ ಇವರಿಗೆ ಇಡೀ ಮಧ್ಯಾಹ್ನ ಕೊಡಿ. ನಡುವೆ ಒಂದು ಕೆಂಪು ಬಂತು. 'ಈ ಕೆಂಪು ಆಪಾಗೆ ಅಲ್ಲ, ಗಂಟೆ ಬಾರಿಸಿದ ಮಾಸ್ತರರಿಗೆ.' ಹೆಂಗಸರೆಲ್ಲ ಒಮ್ಮೆಗೇ ನಕ್ಕರು.

"ಅದನ್ನ ಇನ್ನೊಮ್ಮಿ ಓದ್ರಿ," ಎಂದರು ಮಾಬುಬಿ. ಓದಿದೆ.

ಹನ್ನೊಂದೋ ಹನ್ನೆರಡೋ ಚೀಟಿ ಉಳಿದಿದ್ದವು. ನನಗೆ ಗೊತ್ತಿಲ್ಲದಂತೆ ಕಣ್ಣು ಗಡಿಯಾರಕ್ಕೆ ಹೋಯಿತು.

"ಗಾಡಿ ಹೊತ್ತಾತೇನ್ರಿ?"

"ಆಗಲಿ, ಪರವಾ ಇಲ್ಲ."

ಗಾಡಿ ಸ್ಟೇಷನ್ನಿಗೆ ಬಂದದ್ದೂ ಕೇಳಿಸಿತು, ಬಿಟ್ಟದ್ದೂ ಕೇಳಿಸಿತು. ನಾನು ಓದುತ್ತಿದ್ದೆ. ಕೊನೆಗೆ ಒಂದೇ ಚೀಟಿ ಉಳಿಯಿತು, ಎಲ್ಲರಿಗಿಂತ ಮೊದಲು ಬಂದಿದ್ದ ಗುತ್ತಲದವನದು. 'ಮಾಬುಬಿ ಅಜ್ಜಿಯ ಕತೆ ಕೇಳಿ ಊರಿಗೆ ಹೋದ ಕೂಡಲೇ ನಮ್ಮ ಅಂಗಡಿಯ ಫಾರ್ಮ್ ತಿದ್ದಲಿದ್ದೇನೆ. ಮುಂದಿನ ವರ್ಷ ಆಪಾ ಬರುವಾಗ ಅಜ್ಜಿಯನ್ನೂ ಕರೆದುಕೊಂಡು ಬರಬೇಕು. ನಾವೆಲ್ಲ ಅವರನ್ನು ನೋಡಬೇಕು.'

ಮಾಬುಬಿಯವರ ಕೈ ಆಗ ನಿಂತಿತು.

"ಎಷ್ಟ ಹೊತ್ತಿಗೆ ಕೊಟ್ಟಿದ್ದ ಅಂವ ಇದನ್ನ?"

"ಒಂದು ಗಂಟಿ ನಾಕ ಮಿನಿಟ."

"ಡಬ್ಬಿ ಮುಚ್ಚಿದ್ದು?"

"ಒಂದು ಗಂಟಿಗೆ."

ಅವರು ಮಡಿಲಿನಲ್ಲಿದ್ದ ಮೆಣಸಿನಕಾಯಿಯೊಂದನ್ನು ಎತ್ತಿ ತೊಟ್ಟು ಮುರಿದು ರಾಶಿಗೆ ಹಾಕಿದರು.

"ಕರದಿದ್ರ ನಾ ಹೋಗತಿದ್ದೆ, ಮಾಸ್ತರ," ಎಂದರು. "ಆಕಿ ಕೂಡ ಗಾಡ್ಯಾಗ ಹೋಗತಿದ್ದೆ."